ಅನಿತಳನ್ನು ವಿಚಾರಿಸಲು ಬಂದವರು

ನನ್ನ ತಂಗಿಯ ಮಗಳು ಅನಿತ ಬೆಳೆದದ್ದು ಯಲ್ದೂರಿನ ನಮ್ಮ ಮಾವಿನ ತೋಟದಲ್ಲಿ. ಮಂಡಿಗೆ ಹೋಗುವ ಕ್ರೇಟಿನಲ್ಲಿ ಗಾಯದ ಕಾಯಿ ಕೆಳಗಿಟ್ಟು, ಮೇಲೆ ನುಣುಪಾದ ಬಾದಾಮಿ ಮಾವು ಜೋಡಿಸುವುದು ನಮ್ಮ ಕಡೆ ತಪ್ಪೆಂದು ಯಾರೂ ಅನ್ನುವುದಿಲ್ಲ. ಈ ಹುಡುಗಿ ಮಾತ್ರ ಗಾಯದ್ದನ್ನು ಕೈಗೆತ್ತಿಕೊಂಡರೆ ಪಕ್ಕಕ್ಕೇ ಎಸೆಯುತ್ತಿದ್ದಳು. ಅವರಪ್ಪ ಬೈದು ಬೈದು ಸಾಕಾಗಿ, ಕೊನೆಗೆ ಅವಳನ್ನು ಆ ಕೆಲಸಕ್ಕೆ ಕೂರಿಸುವುದನ್ನೇ ಬಿಟ್ಟ. ಅವಳಿಗೆ ಓದಲು ಹೊತ್ತು ಸಿಕ್ಕಿದ್ದು ಹಾಗೆ ಎಂದು ನಾವು ನಗುತ್ತಿದ್ದೆವು.

ಕೋಲಾರದ ಕೋರ್ಟಿನಲ್ಲಿ ವಕೀಲಿಕೆ ಮಾಡಿದಳು. ಆಮೇಲೆ ಬೆಂಗಳೂರಿನಲ್ಲಿ ಬಡವರ ಕೇಸು ನಡೆಸಿಕೊಡುವ ಒಂದು ಸಂಸ್ಥೆಯನ್ನು ನೋಡಿಕೊಂಡಳು. ಹೋದ ವರ್ಷ ಒಂದು ಹೊಸ ಆಯೋಗವಾಯಿತು. ಜಡ್ಜುಗಳ ನಡತೆಯ ಮೇಲೆ ಜನ ಕೊಡುವ ದೂರುಗಳನ್ನು ವಿಚಾರಿಸುವುದು ಅದರ ಕೆಲಸ. ಅದನ್ನೆಲ್ಲ ನಡೆಸುವ ಕಾರ್ಯನಿರ್ವಾಹಕ ನಿರ್ದೇಶಕರ ಹುದ್ದೆಗೆ ಅರ್ಜಿ ಹಾಕಿದವರಲ್ಲಿ ಕೊನೆಗೆ ಇಬ್ಬರು ಉಳಿದರು. ಅವರಲ್ಲಿ ನಮ್ಮ ಅನಿತ ಒಬ್ಬಳು.

ಫೋನಿನಲ್ಲಿ ಅವಳೇ ಹೇಳಿದಳು. ಆಯೋಗದವರು ಹುಟ್ಟಿದೂರಿಗೂ ಜನರನ್ನು ಕಳಿಸಿ ಕೇಳುತ್ತಾರಂತೆ. ಜಡ್ಜುಗಳ ಹತ್ತಿರ ತನಗೆ ಒಳದಾರಿ ಇದೆ ಎಂಬ ಒಂದು ಮಾತು ಬಂದರೂ ಸಾಕು, ಹೆಸರು ಹೊಡೆದುಹಾಕುತ್ತಾರಂತೆ. "ನನ್ನ ಹೊಗಳಬೇಡಿ ದೊಡ್ಡಮ್ಮ. ಇದ್ದದ್ದು ಇದ್ದಂಗೆ ಹೇಳಿ" ಅಂದಳು. ಅಣ್ಣ ಹೇಗಿದ್ದಾನೆ ಎಂದು ಕೇಳಲಿಲ್ಲ. ಶಿವಶಂಕರನೂ ತಂಗಿಯ ಹೆಸರೆತ್ತಿ ಆರು ವರ್ಷವಾಗಿತ್ತು.

ಬಾದಾಮಿ ಕೀಳುತ್ತಿದ್ದ ದಿನವೇ ಆಯೋಗದಿಂದ ಒಬ್ಬರು ಬಂದರು. ಉಮಾಶಂಕರ್ ಎಂದು ಹೆಸರು, ತಲೆ ನರೆತ ಮನುಷ್ಯ, ಮೆತ್ತಗೆ ಮಾತು. ತೋಟದಲ್ಲಿ ಶಿವಶಂಕರ ತುದಿಗೆ ಬಲೆ ಕಟ್ಟಿದ ದೋಟಿ ಹಿಡಿದು ಮರದ ಕೆಳಗಿದ್ದ. ಪಕ್ಕದ ತೋಟದ ಮುನೇಶ, ಕೆಲಸಕ್ಕೆ ಬದಲು ಕೆಲಸವೆಂದು, ನಮಗೆ ಮುಯ್ಯಿ ಆಳಾಗಿ ಬಂದಿದ್ದ. ಕಾಯಿ ನೋಡಲು ಬಂದ ವೆಂಕಟರಾಯಪ್ಪ ಕ್ರೇಟಿನ ಮೇಲೆ ಕೂತಿದ್ದ. ವೆಂಕಟರಾಯಪ್ಪ ವರಸೆಯಲ್ಲಿ ಈ ಅಣ್ಣ ತಂಗಿಗೆ ಸೋದರಮಾವ, ಊರಿನ ಎಲ್ಲ ಮದುವೆ ಮಾತುಕತೆಗೂ ಅವನೇ ಮುಂದು.

ನಮ್ಮಲ್ಲಿ ಹೊರಗಿನವರು ಬಂದು ಒಂದು ಹೆಣ್ಣಿನ ಬಗ್ಗೆ ವಿಚಾರಿಸಿದರೆ ಊರು ಮಾತಾಡುವ ರೀತಿ ಒಂದೇ. ಸಂಬಂಧ ಕುದುರಿಸುವ ರೀತಿ. ಇರುವುದನ್ನು ಎರಡು ಪಾಲು ಮಾಡಿ ಹೇಳುವುದು. ವೆಂಕಟರಾಯಪ್ಪ ಹಾಗೇ ಶುರು ಮಾಡಿದ. ಹುಡುಗಿಯ ಬುದ್ಧಿ, ಹುಡುಗಿಯ ಗುಣ, ಸಣ್ಣವಳಿದ್ದಾಗ ಬರೆದ ಅಕ್ಷರ, ಎಲ್ಲ ಆಯಿತು. ಉಮಾಶಂಕರ್ ತಲೆಯಾಡಿಸುತ್ತಿದ್ದರು. ನನಗೂ ಜೀವ ಹಗುರವಾಗಿತ್ತು. ಆಗ ಅವನು ಕ್ರೇಟಿನ ಮೇಲೆ ಇಡುವ ನುಣುಪು ಕಾಯಿಯಂಥ ಮಾತೊಂದನ್ನು ತೆಗೆದ.

"ಆಯಮ್ಮಂದು ಏನ್ ಕಮ್ಮಿ ಕೈ ಅಂದ್ಕೊಂಡ್ರಾ ಸಾಮಿ? ಜಡ್ಜುಗಳೇ ಅವಳ ಮಾತು ಮೀರಲ್ಲ. ಇಗೋ, ಈ ಶಿವಣ್ಣನ ಕೇಸು, ಮೂಳೆ ಮುರಿದ ಕೇಸು. ಜೈಲಾಗಬೇಕಿತ್ತು. ತಂಗಿ ಒಂದ್ ಮಾತು ಹಾಕಿದ್ಲು, ಗಪ್ ಚುಪ್."

ಉಮಾಶಂಕರ್ ತಲೆಯಾಡಿಸುವುದು ನಿಂತಿತು. ಮರದ ಮೇಲಿಂದ ಒಂದು ಕಾಯಿ ಬಲೆ ತಪ್ಪಿ ನೆಲಕ್ಕೆ ಬಿತ್ತು.

ಆ ಕೇಸು ಹೀಗೆ. ಆರು ವರ್ಷದ ಹಿಂದೆ ಬದುವಿನ ಜಗಳದಲ್ಲಿ ಶಿವಶಂಕರ ಗುದ್ದಲಿ ಕಾವಿನಿಂದ ಹೊಡೆದು ಮುನೇಶನ ಮುಂಗೈ ಮುರಿದ. ಕೇಸು ನಡೆಸುತ್ತಿದ್ದ ಜಡ್ಜು ಅನಿತಳ ಜೊತೆ ಓದಿದವರು. ಶಿವಶಂಕರ ಬೆಂಗಳೂರಿಗೆ ಹೋಗಿ ಬಂದ. ಬಂದ ಮೇಲೆ ಊರಿಗೆಲ್ಲ, ತಂಗಿ ನೋಡ್ಕೊಳ್ತಾಳೆ ಎಂದ. ಸ್ವಲ್ಪ ದಿನಕ್ಕೆ ಕೇಸು ಮುಗಿಯಿತು. ಊರು ನಂಬಿತು.

ನಡೆದದ್ದು ಬೇರೆ. ಒಂದು ಬೆಳಗಿನ ಜಾವ, ಜನ ಏಳುವ ಮೊದಲು, ಹಿರಿಯಳು ಒಬ್ಬಳು ಇರಲಿ ಎಂದು ಅವನು ನನ್ನನ್ನು ಮುನೇಶನ ಮನೆಗೆ ಕರೆದುಕೊಂಡು ಹೋಗಿದ್ದ. ಅಂಗಳದಲ್ಲಿ ಕೂತು ಮುನೇಶನ ಕಾಲು ಹಿಡಿದ. ಮುನೇಶ ಕೋರ್ಟಿಗೆ ಹೋಗಿ, ರಾಜಿಯಾಗಿದ್ದೇವೆ ಎಂದು ಹೇಳಿದ. ಅಷ್ಟೇ. ಕಾಲು ಹಿಡಿದ ಸುದ್ದಿ ಹೊರಗೆ ಬೀಳಬಾರದೆಂದು ಶಿವಶಂಕರ ನಮ್ಮಿಬ್ಬರಿಂದಲೂ ದೀಪ ಮುಟ್ಟಿಸಿ ಆಣೆ ಹಾಕಿಸಿಕೊಂಡಿದ್ದ.

ಆಣೆ ಇಲ್ಲದಿದ್ದರೆ ನಾನು ಬಾಯಿ ತೆಗೆಯುತ್ತಿದ್ದೆ. ಈಗ ಕಾಯಿ ತೊಟ್ಟು ಮುರಿಯುತ್ತಾ ಶಿವಶಂಕರನನ್ನೇ ನೋಡುತ್ತಾ ಕೂತೆ. ಮುನೇಶನೂ ಅವನನ್ನೇ ನೋಡುತ್ತಿದ್ದ. ಸೊನೆ ಬೆರಳಿಗೆ ತಾಗಿ ಉರಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ.

ಉಮಾಶಂಕರ್ ಶಿವಶಂಕರನ ಕಡೆ ತಿರುಗಿ, ಇವರು ಹೇಳಿದ್ದು ಹೌದೇ ಎಂದು ಕೇಳಿದರು. ದನಿ ಏರಲಿಲ್ಲ. ಅವನು ದೋಟಿಯ ಬಲೆಯನ್ನು ಸರಿ ಮಾಡುವವನಂತೆ ತಲೆ ಬಗ್ಗಿಸಿದ. ವೆಂಕಟರಾಯಪ್ಪನಿಗೆ ಅದು ನಾಚಿಕೆಯೆಂದು ಕಂಡಿತು. "ಹೇಳೋ, ಹೇಳು. ತಂಗಿ ಉಪಕಾರ ಹೇಳೋಕೆ ಏನ್ಲಾ ನಿಂಗೆ?"

ಉಮಾಶಂಕರ್ ಇನ್ನೊಂದು ಸಲ ಕೇಳಲಿಲ್ಲ. ಕೇಳಬೇಕಾದ್ದು ಸಿಕ್ಕಿತು ಅನ್ನುವ ಹಾಗೆ ಎದ್ದು, ನನಗೆ ಕೈ ಮುಗಿದು, ಕಾರಿನ ಕಡೆ ಹೊರಟರು. ತೋಟದ ಬಾಗಿಲು ದಾಟಿದರೆ ಮುಗಿಯಿತು. ನಾನು ಏಳಲು ನೆಲಕ್ಕೆ ಕೈ ಊರಿದೆ. ದೀಪದ ಆಣೆ ಹೋದರೆ ಹೋಗಲಿ ಎಂದು ಬಾಯಿಗೆ ಬಂದಿತ್ತು.

"ಸಾಮಿ, ನಿಂತ್ಕೊಳ್ಳಿ."

ಶಿವಶಂಕರ ದೋಟಿಯನ್ನು ಮರಕ್ಕೆ ಒರಗಿಸಿ ಬಂದ.

"ಆಯಪ್ಪ ಹೇಳಿದ್ದನ್ನ ಊರಿಗೆಲ್ಲ ಹಬ್ಬಿಸಿದ್ದು ನಾನೇ. ಸುಳ್ಳು. ನಾನು ಅವಳ ಮನೆಗೆ ಹೋಗಿದ್ದೆ. ಊಟಕ್ಕೆ ಬಡಿಸಿದ್ಲು. ವಿಷಯ ತೆಗೆದೆ. ಹೊಡೆದಿದ್ದೀಯಾ, ಹೋಗಿ ಹೊಡೆಸ್ಕೊಂಡವನನ್ನ ಕೇಳು, ನನ್ನನ್ನಲ್ಲ, ಅಂದ್ಲು. ತಟ್ಟೆ ಬಿಟ್ಟು ಎದ್ದು ಬಂದೆ." ಮುನೇಶನ ಕಡೆ ಕೈ ತೋರಿಸಿದ. "ಇವನ ಕಾಲು ಹಿಡಿದೆ. ಇವನು ಬಿಟ್ಟ. ಜಡ್ಜೂ ಇಲ್ಲ, ಅವಳೂ ಇಲ್ಲ."

ಉಮಾಶಂಕರ್ ಮುನೇಶನನ್ನು ನೋಡಿದರು. ಮುನೇಶ ನೆಟ್ಟಗೆ ಕೂಡಿಕೊಳ್ಳದ ತನ್ನ ಮುಂಗೈಯನ್ನು ಚಾಚಿ ತೋರಿಸಿದ. "ಹೌದು ಸಾಮಿ. ಕೈ ಮುರಿದೋನೂ ಇವನೇ, ಕಾಲು ಹಿಡಿದೋನೂ ಇವನೇ. ದೊಡ್ಡಮ್ಮನೇ ಸಾಕ್ಷಿ." ನಾನು ತಲೆಯಾಡಿಸಿದೆ. ಆಣೆ ಹಾಕಿಸಿಕೊಂಡವನೇ ಬಿಡಿಸಿದ್ದ. ಉಮಾಶಂಕರ್ ಮತ್ತೆ ಬಂದು ಕೂತರು. ಈ ಸಲ ಮೂರು ಜನರನ್ನೂ ಬೇರೆ ಬೇರೆ ಕೂರಿಸಿಕೊಂಡು ಮೊದಲಿಂದ ಕೇಳಿದರು.

ಸಂಜೆಯೊಳಗೆ ಊರಿಗೆಲ್ಲ ಸುದ್ದಿಯಾಯಿತು. ಟೀ ಅಂಗಡಿಯ ಮುಂದೆ ಶಿವಶಂಕರ ಹೋದರೆ ಮಾತು ನಿಲ್ಲುತ್ತಿತ್ತು. ಕಾಲು ಜೋಪಾನ ಕಣಪ್ಪೋ, ಶಿವಣ್ಣ ಬಂದ, ಎಂದು ಯಾರೋ ಅಂದರಂತೆ. ಅವನು ತಲೆ ತಗ್ಗಿಸಿ ಟೀ ಕುಡಿದು ಬಂದ. ಮಾರನೆಯ ದಿನವೂ ಅಲ್ಲಿಗೇ ಹೋದ.

ಬಾದಾಮಿ ಮುಗಿದು ತೋತಾಪುರಿ ಕೀಳುವ ಹೊತ್ತಿಗೆ ಅನಿತಳ ಫೋನು ಬಂತು, ಕೆಲಸವಾಗಿದೆ ಎಂದು. ಅದಾದ ಭಾನುವಾರ ಅವಳೇ ಬಂದಳು. ಅವಳು ಕಾಲು ತೊಳೆಯುವ ಮೊದಲೇ ವೆಂಕಟರಾಯಪ್ಪ ಬಂದು ಜಗುಲಿಯಲ್ಲಿ ಕೂತ. ಮಾಲೂರಿನಲ್ಲಿ ಅವನ ಅಳಿಯನದೊಂದು ಕೇಸು ನಡೆಯುತ್ತಿತ್ತು. ಆ ಮಾತಿಗೇ ಬಂದಿದ್ದಾನೆಂದು ಎಲ್ಲರಿಗೂ ಗೊತ್ತಿತ್ತು. ಒಳಗೆ ಮುದ್ದೆ ಕಟ್ಟುತ್ತಿದ್ದ ಶಿವಶಂಕರನೇ ಹೇಳಿದ.

"ಮಾಮ, ಊಟ ಮಾಡೋದಾದ್ರೆ ಬಾ. ಆ ಮಾತಾದ್ರೆ ತಟ್ಟೆ ಬಿಟ್ಟು ಏಳ್ಬೇಕಾಗ್ತದೆ. ನಾನು ಎದ್ದು ನೋಡಿದ್ದೀನಿ."

ವೆಂಕಟರಾಯಪ್ಪ ಒಂದು ಗಳಿಗೆ ಯೋಚಿಸಿ, ಊಟಕ್ಕೆ ಬಂದ.