ನೆಟ್ಟಗೆ ಕೂತ ರಬ್ಬರ್ ಹುಳು

ಕೈ ನಡುಗಲು ಶುರುವಾದ ಮೇಲೆ ನಮ್ಮ ಯಜಮಾನರಿಗೆ ಗಾಳಕ್ಕೆ ಮೀನಿನ ಆಮಿಷದ ರಬ್ಬರ್ ಹುಳು ಪೋಣಿಸಲು ಆಗುತ್ತಿರಲಿಲ್ಲ. ಅವರು ಕೆರೆಗೆ ಹೋಗುವುದೇ ನಿಂತೀತೆಂದು ನಾನೇ ಪೋಣಿಸಲು ಕೂತೆ. ಮೀನು ಮುಟ್ಟದ ಮನೆ ನಮ್ಮದು. ಅವರು ಹಿಡಿದದ್ದನ್ನು ನೀರಿಗೇ ಬಿಟ್ಟು, ಹಿತ್ತಿಲಲ್ಲಿ ಸ್ನಾನ ಮಾಡಿಯೇ ಒಳಗೆ ಬರುತ್ತಿದ್ದರು.

“ಸೊಟ್ಟಗಿದ್ರೆ ನೀರಲ್ಲಿ ಬುಗುರಿ ಥರ ಸುತ್ತುತ್ತೆ ಕಣೇ. ಗಾಳದ ಮೊನೆ ಹುಳದೊಳಗೇ ಇರ್ಲಿ, ಇಲ್ದಿದ್ರೆ ಜೊಂಡಿಗೆ ಸಿಕ್ಕೊಳ್ಳುತ್ತೆ” ಎಂದರು.

ಕಾನ್ವೆಂಟಿನ ಹೊಲಿಗೆ ಕ್ಲಾಸಿನಲ್ಲಿ ಕಲಿತಂತೆ ಮೊದಲು ಗಾಳವನ್ನು ಹುಳುವಿನ ಪಕ್ಕ ಅಳತೆ ಹಿಡಿದು, ಉಗುರಿನಿಂದ ಗುರುತು ಮಾಡಿ ಚುಚ್ಚಿದೆ. ಹುಳು ನೆಟ್ಟಗೆ ಕೂತಿತು. ಅವರು ಬೆಳಕಿಗೆ ಹಿಡಿದು ನೋಡಿದರು.

“ಇಷ್ಟು ವರ್ಷ ಎಲ್ಲಿದ್ಯೇ?”

“ಒಳಗೇ ಇದ್ನಲ್ರೀ. ನೀವು ಕರೀಲಿಲ್ಲ.”

“ನೀನು ಬರಲ್ಲ ಅಂದ್ಕೊಂಡೆ.”

ಕರೆದಿದ್ದರೆ ಹೋಗುತ್ತಿದ್ದೆ. ಆ ಭಾನುವಾರ ಇಬ್ಬರೂ ಕೆರೆಗೆ ಹೋದೆವು. ಏರಿಯಿಂದ ನೀರಿಗಿಳಿಯಲು ಅವರ ಕಾಲು ಒಪ್ಪಲಿಲ್ಲ. ಮೇಲೆಯೇ ಕೂತು, ಇಳಿದಿದ್ದರೆ ಯಾವ ಜೊಂಡಿನ ಪಕ್ಕ ಗಾಳ ಎಸೆಯಬೇಕಿತ್ತೆಂದು ಬೆರಳು ಮಾಡಿ ತೋರಿಸಿದರು.