ಡಬ್ಲಿನ್ನಿನ ಮುದ್ರಕನೂ ನಮ್ಮ ಅಂಗಡಿಯ ಅರಿಶಿನವೂ

ಯೂನಿವರ್ಸಿಟಿ ಡಿಸ್ಟ್ರಿಕ್ಟ್ ಬಡಾವಣೆಯ ಪ್ರೊಫೆಸರೊಬ್ಬರು ಹೋದ ವರ್ಷ ನಮ್ಮ ಅಂಗಡಿಗೆ ಒಂದು ಕಿರುಪುಸ್ತಕದ ಕೆಲಸ ತಂದರು. ಹದಿನೆಂಟನೆಯ ಶತಮಾನದಲ್ಲಿ ಡಬ್ಲಿನ್ನಿನಲ್ಲಿದ್ದ ಒಬ್ಬ ಮುದ್ರಕನ ಕಥೆ ಅದು. ಈ ಪರದೇಶದ ರೆಂಟನ್ ಊರಿನಲ್ಲಿರುವ ನಮ್ಮದು ಬ್ಯಾನರ್, ವಿಸಿಟಿಂಗ್ ಕಾರ್ಡ್, ಮದುವೆ ಕಾರ್ಡುಗಳ ಅಂಗಡಿ. ಪುಸ್ತಕದ ಕೆಲಸ ಬರುವುದೇ ಅಪರೂಪ. ಪ್ರೂಫ್ ನೋಡುವ ನೆಪದಲ್ಲಿ ಒಂದಕ್ಷರ ಬಿಡದೆ ಓದಿದೆ.

ಆ ಪುಣ್ಯಾತ್ಮ ಬೆಳಿಗ್ಗೆ ಎದ್ದು ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದ, ಮಧ್ಯಾಹ್ನ ಕೆಳಗಿನ ಅಂಗಡಿಯಲ್ಲಿ ಕೂತು ಪುಸ್ತಕ ಮಾರುತ್ತಿದ್ದ. ಪಕ್ಕದಲ್ಲೇ ಕೆಮ್ಮಿನ ಔಷಧಿಯನ್ನೂ ಇಟ್ಟುಕೊಂಡಿದ್ದ. ಲಂಡನ್ನಿನಲ್ಲಿ ಹೊಸ ಪುಸ್ತಕ ಬಂತೆಂದರೆ ಅದನ್ನೇ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿ ಅಗ್ಗಕ್ಕೆ ಮಾರುತ್ತಿದ್ದ. ಅಲ್ಲಿನವರು ಕಳ್ಳನೆಂದು ಬೈಯುತ್ತಿದ್ದರು. ಆಗಿನ ಐರ್ಲೆಂಡಿನಲ್ಲಿ ಅದಕ್ಕೆ ಕಾನೂನಿನ ಅಡ್ಡಿ ಇರಲಿಲ್ಲವಂತೆ. ನಮ್ಮ ಯಜಮಾನರು ಇದ್ದಿದ್ದರೆ ಅವನ ಜಾಣತನಕ್ಕೆ ತಲೆದೂಗುತ್ತಿದ್ದರು. ಅವನು ತೀರಿಕೊಂಡ ಮೇಲೆ ಹೆಂಡತಿ ಅಂಗಡಿ ಮುಚ್ಚಲಿಲ್ಲ. ಪುಸ್ತಕದ ಮೊದಲ ಪುಟದ ಕೆಳಗೆ ಇಂಥವನ ವಿಧವೆ ಎಂದೇ ಅಚ್ಚು ಹಾಕಿಸಿದಳು. ಊರಿನವರು ಪಂಚಾಂಗವನ್ನೂ ಪ್ರಾರ್ಥನೆಯ ಪುಸ್ತಕವನ್ನೂ ಅವಳ ಕೈಯಿಂದಲೇ ಕೊಂಡರಂತೆ. ಓದಿ ನನಗೆ ಹೊಟ್ಟೆಯುರಿಯಿತು.

ಮದುವೆ ಕಾರ್ಡಿನ ಕಟ್ಟು ಕೊಡುವಾಗ ಮೊದಲನೆಯ ಕಾರ್ಡಿನ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ಕೊಡುವುದು ನಮ್ಮ ಯಜಮಾನರು ಹಾಕಿಕೊಟ್ಟ ಪದ್ಧತಿ. ಅದನ್ನು ಒಯ್ದು ದೇವರ ಮುಂದೆ ಇಡುತ್ತಾರೆ. ಅವರು ತೀರಿಕೊಂಡು ನಾನು ವಿಧವೆಯಾದ ಮೇಲೆ ಅರಿಶಿನದ ಬಟ್ಟಲು ತೆಗೆದರೆ ಸಾಕು, ನಮ್ಮ ಜನ ಬಹಳ ನಯವಾಗಿ ತಡೆಯುತ್ತಿದ್ದರು. ಮನೆಯಲ್ಲೇ ಹಚ್ಚಿಕೊಳ್ಳುತ್ತಾರಂತೆ, ಕಾರಿನ ಸೀಟಿಗೆ ಕಲೆಯಾಗುತ್ತದಂತೆ. ಕಾರ್ಡು ಡಿಸೈನ್ ಮಾಡಿದ್ದು, ಕತ್ತರಿಸಿದ್ದು, ಕಟ್ಟಿದ್ದು ಎಲ್ಲ ಇದೇ ಕೈ. ಅರಿಶಿನಕ್ಕೆ ಮಾತ್ರ ಆಗದು. ಕೊನೆಗೆ ನಾನೇ ಬಟ್ಟಲನ್ನು ಒಳಗಿಟ್ಟುಬಿಟ್ಟಿದ್ದೆ.

ಆ ಪುಸ್ತಕ ಅಚ್ಚಾಗುತ್ತಿದ್ದ ವಾರವೇ ಶೋರ್‌ಲೈನ್ ಊರಿನಿಂದ ಮದುಮಗಳೊಬ್ಬಳ ತಾಯಿ ಕಾರ್ಡು ಒಯ್ಯಲು ಬಂದರು. ನಾನು ಒಳಗಿನಿಂದ ಬಟ್ಟಲು ತಂದು, ಅರಿಶಿನ ಕಲಸಿ, ಅವರೆದುರಿಗೇ ಮೂಲೆಗಳಿಗೆ ಹಚ್ಚತೊಡಗಿದೆ.

"ನಿಮಗ್ಯಾಕೆ ತೊಂದ್ರೆ, ಬಿಡಿ," ಎಂದರು.

"ತೊಂದ್ರೆ ಏನಿಲ್ಲ. ಇದು ನಮ್ಮಂಗಡಿ ಪದ್ಧತಿ," ಎಂದು ನಾಲ್ಕನೆಯ ಮೂಲೆಗೂ ಹಚ್ಚಿದೆ.

ಅವರು ಆ ಕಾರ್ಡನ್ನು ಮೆತ್ತಗೆ ನನ್ನ ಕಡೆ ಸರಿಸಿದರು.

"ಇದೊಂದು ಇಲ್ಲೇ ಇರ್ಲಿ. ತಪ್ಪು ತಿಳ್ಕೋಬೇಡಿ."

ಉಳಿದ ಕಟ್ಟನ್ನು ಎತ್ತಿಕೊಂಡು ಹೊರಟರು. ನಾನೇನೂ ತಪ್ಪು ತಿಳಿಯಲಿಲ್ಲ, ಸರಿಯಾಗಿಯೇ ತಿಳಿದುಕೊಂಡೆ. ಸಿಟ್ಟೂ ಬಂತು, ಅಳುವೂ ಬಂತು. ಮಷೀನಿನಲ್ಲಿ ಕಾಗದ ಮುಗಿದಿತ್ತು, ಎದ್ದು ಹೋಗಿ ತುಂಬಿದೆ.

ಅವತ್ತಿನಿಂದ ಪ್ರತಿ ಮದುವೆಗೂ ಹಚ್ಚುತ್ತಿದ್ದೇನೆ. ಕೆಲವರು ಕಣ್ಣಿಗೊತ್ತಿಕೊಂಡು ಒಯ್ಯುತ್ತಾರೆ, ಕೆಲವರು ಬಿಟ್ಟು ಹೋಗುತ್ತಾರೆ. ಬಿಟ್ಟು ಹೋದವರಿಗೆ ಕಾರ್ಡು ಕಡಿಮೆ ಬೀಳಬಾರದಲ್ಲ, ಅದಕ್ಕೆ ಪ್ರತಿ ಆರ್ಡರಿಗೂ ಒಂದು ಹೆಚ್ಚಿಗೆ ಅಚ್ಚು ಹಾಕುತ್ತೇನೆ.