ಫಾತಿಮತಕ್ಕನ ಹೊಂಡಗಳು

ಸೆಪ್ಟೆಂಬರಿನ ಮೊದಲ ವಾರ ಅರಬ್ ನಾಡಿನ ಅಲ್ ಅಹ್ಸಾದಲ್ಲಿ ಬಿಸಿಲು ಇನ್ನೂ ಇಳಿದಿರುವುದಿಲ್ಲ. ಆದರೆ ಬೆಳಗ್ಗೆ ನಲ್ಲಿ ತಿರುಗಿಸಿದರೆ ನೀರು ಕೈ ಸುಡುವುದನ್ನು ನಿಲ್ಲಿಸಿರುತ್ತದೆ. ಸುಹೈಲ್ ನಕ್ಷತ್ರ ಮೂಡಿತು, ಇನ್ನು ತೋಟಕ್ಕೆ ಇಳಿಯಬಹುದು ಎಂದು ಅಲ್ಲಿನ ರೈತರು ಹೇಳುತ್ತಾರೆ. ಫಾತಿಮತಕ್ಕ ಆಕಾಶ ನೋಡಿದವರಲ್ಲ. ನಲ್ಲಿಯ ಕೆಳಗೆ ಅಂಗೈ ಹಿಡಿಯುತ್ತಿದ್ದರು. ತಣ್ಣಗಿದೆ ಅನ್ನಿಸಿದ ದಿನ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಗುದ್ದಲಿ ಹಿಡಿಯುತ್ತಿದ್ದರು.

ಹುಫೂಫ್ ಪಟ್ಟಣದ ಹೊರಗೆ, ಖರ್ಜೂರ ಡಬ್ಬಿ ತುಂಬುವ ಕಂಪನಿಯ ಕ್ವಾರ್ಟರ್ಸಿನಲ್ಲಿ ಒಂದೇ ಸಾಲಿಗೆ ನಮ್ಮ ಹನ್ನೆರಡು ಮನೆ. ಪ್ರತಿ ಮನೆಯ ಹಿಂದೆ ನಾಲ್ಕು ಮಂಚ ಹಾಕುವಷ್ಟು ಮಣ್ಣು, ನಡುವೆ ಎದೆಮಟ್ಟದ ಗೋಡೆ. ಹೆಚ್ಚಿನವರು ಆ ಮಣ್ಣಿನಲ್ಲಿ ಬಟ್ಟೆ ಒಣಗಿಸುವ ಕಂಬ ನೆಟ್ಟಿದ್ದೆವು. ಪುತ್ತೂರಿನ ಹತ್ತಿರದ ಕುಂಬ್ರದಿಂದ ಬಂದ ಫಾತಿಮತಕ್ಕ ಮಾತ್ರ ಅಲ್ಲಿ ಬಸಳೆ ಬೆಳೆಸಿದ್ದರು. ಗಂಡ ಕಾಸಿಂ ಕಂಪನಿಯ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಮಕ್ಕಳಿರಲಿಲ್ಲ. ನವೆಂಬರಿನಲ್ಲಿ ಮೊದಲ ಬಸಳೆ ಕೊಯ್ದಾಗ ಅದು ಹನ್ನೆರಡೂ ಮನೆಗೆ ಹೋಗುತ್ತಿತ್ತು. ಯಾರ ಮನೆಗೆ ಎಷ್ಟು ದಂಟು ಎಂದು ಫಾತಿಮತಕ್ಕನೇ ನಿರ್ಧರಿಸುತ್ತಿದ್ದರು. ಆ ಒಂದು ವಾರ ಸಾಲಿನ ಹೆಂಗಸರೆಲ್ಲ ಅವರ ಬಾಗಿಲಲ್ಲಿ. ಹನ್ನೊಂದು ವರ್ಷ ಅವರು ಕಾದದ್ದು, ಬದುಕಿದ್ದು ಆ ವಾರಕ್ಕಾಗಿ ಎಂದರೆ ಹೆಚ್ಚಾಗದು.

ಅವರ ತೋಟ ನೋಡಲು ಚೆಂದವಿರಲಿಲ್ಲ. ಗೇಣು ಆಳದ ನಾಲ್ಕು ಗುಂಡಿ, ಸುತ್ತ ಮಣ್ಣಿನ ಅಂಚು. ಸೆಪ್ಟೆಂಬರಿನಲ್ಲಿ ಒಣಗಿದ ಬೆಂಡೆಗಿಡ ಕಿತ್ತು, ಗುಂಡಿ ಅಗೆದು, ಅಂಚಿನವರೆಗೆ ನೀರು ತುಂಬಿಸುವರು. ಅದು ಇಂಗಿದ ಮೇಲೆ ಒಂದು ವಾರ ಬಿಟ್ಟು ಮತ್ತೆ ತುಂಬಿಸುವರು. ಹೀಗೆ ಮೂರು ಸಲ. ಆಮೇಲೆ ಗುರುವಾರದ ಸಂತೆಯಿಂದ ಕಾಸಿಂ ತಂದ ಆಡಿನ ಹಿಕ್ಕೆ ಬೆರೆಸಿ, ಬೇಸಿಗೆಯಲ್ಲಿ ನೆರಳಿನಲ್ಲಿ ಕಾಪಾಡಿದ ಬಸಳೆ ದಂಟು ಊರಿ, ಬಡಗಣ ಗೋಡೆಗೆ ಖರ್ಜೂರದ ಗರಿಯ ತಟ್ಟಿ ಕಟ್ಟುವರು. ಡಿಸೆಂಬರಿನ ಶೀತಗಾಳಿ ಬರುವ ಮೊದಲು ಬೇರು ಹಿಡಿಯಬೇಕು. "ಫಾತಿಮತಕ್ಕನ ಹೊಂಡ" ಎಂದು ನಾವು ನಗುತ್ತಿದ್ದೆವು. ಅವರೂ ನಗುತ್ತಿದ್ದರು.

ತೊಂಬತ್ತನಾಲ್ಕರ ಆಗಸ್ಟಿನಲ್ಲಿ ಪಕ್ಕದ ಮನೆಗೆ ಶಮೀಮಾ ಬಂದಳು. ಬ್ರಹ್ಮಾವರದ ಹುಡುಗಿ, ಮದುವೆಯಾಗಿ ಎಂಟು ತಿಂಗಳು. ಮನೆಮಾತು ಉರ್ದು. ಫಾತಿಮತಕ್ಕನದು ಬ್ಯಾರಿ. ಹಾಗಾಗಿ ಗೋಡೆಯ ಮೇಲಿನ ಮಾತೆಲ್ಲ ಕನ್ನಡದಲ್ಲಿ.

"ಫಾತಿಮತಕ್ಕ, ನನಗೊಂದು ಬಸಳೆ ದಂಟು ಕೊಡ್ತೀರಾ? ನಾನೂ ನೆಟ್ಟು ನೋಡ್ತೇನೆ."

"ಕೊಡುವ. ಅದಕ್ಕೆಂತ."

ಕೊಟ್ಟರು. ಒಂದಲ್ಲ, ಆರು. ಅಲ್ಲಿಯವರೆಗೆ ಮನಸ್ಸಿನಲ್ಲಿ ಏನೂ ಇರಲಿಲ್ಲ. ಇದನ್ನೆಲ್ಲ ನನಗೆ ಹೇಳಿದ್ದು ಅವರೇ, ಮುಂದೊಂದು ದಿನ, ಎಲೆ ಬಿಡಿಸುತ್ತ.

ಶಮೀಮಾ ಮಣ್ಣನ್ನು ಏರು ಮಾಡಿದಳು, ಊರಿನಲ್ಲಿ ಮಾಡುವ ಹಾಗೆ. ಮೂರು ಉದ್ದನೆಯ ದಿಣ್ಣೆ, ಅಂಗೈಯಲ್ಲಿ ತಟ್ಟಿ ನುಣ್ಣಗೆ ಮಾಡಿದ ಬದಿ. ಒಂದು ಸಂಜೆ ಒಣ ಗರಿ, ತರಗೆಲೆ, ಕಸ ಗುಡ್ಡೆ ಹಾಕಿ, ಮೇಲೆ ಮಣ್ಣು ಮುಚ್ಚಿ ಬೆಂಕಿ ಕೊಟ್ಟಳು. ನಮ್ಮೂರ ಗೊಬ್ಬರ, ಸುಡುಮಣ್ಣು. ಹೊಗೆ ಮೆಲ್ಲಗೆ ಗೋಡೆ ದಾಟಿತು.

ಆ ವಾಸನೆಗೆ ಮನೆಮನೆಯ ಹಿಂಬಾಗಿಲು ತೆರೆಯಿತು. ಮೈಸೂರಿನ ರತ್ನಪ್ರಭಾ, ನಮ್ಮ ಸಾಲಿನ ಎಂಜಿನಿಯರರ ಹೆಂಡತಿ, ಮೂಗರಳಿಸಿ ನಿಂತರು. "ಏನ್ರೀ ಇದು, ಕಣ್ಮುಚ್ಚಿದ್ರೆ ಊರಲ್ಲೇ ಇದ್ದಂಗಿದೆ! ಫಾತಿಮತಕ್ಕ, ನೀವು ಇಷ್ಟು ವರ್ಷದಲ್ಲಿ ಒಂದಿನನೂ ಹಿಂಗೆ ಮಾಡ್ಲಿಲ್ಲವಲ್ಲ?"

ಫಾತಿಮತಕ್ಕನ ಕಣ್ಣು ಉರಿಯುತ್ತಿತ್ತು. ಹೊಗೆಯಿಂದ ಎಂದುಕೊಂಡರು. ಹನ್ನೊಂದು ವರ್ಷದಿಂದ ಆ ವಾಸನೆ ಅವರ ಮೂಗಿಗೆ ಬಿದ್ದಿರಲಿಲ್ಲ. ಬಿಟ್ಟುಕೊಟ್ಟದ್ದು ಅವರೇ.

ಬಂದ ಮೊದಲ ವರ್ಷ ಅವರೂ ಹೀಗೇ ಏರು ಮಾಡಿದ್ದರು, ಹೀಗೇ ಸುಡುಮಣ್ಣು ಹಾಕಿದ್ದರು. ತಿಂಗಳಲ್ಲಿ ಎಲ್ಲ ಹಳದಿಯಾಗಿ ಸುಟ್ಟುಹೋಗಿತ್ತು. ಕಂಪನಿಯ ತೋಟದಲ್ಲಿ ಉಮ್ಮ್ ಸಾಲಿಹ್ ಎಂಬ ಮುದುಕಿ ಇದ್ದಳು. ಒಂದು ದಿನ ಬಂದು ನೋಡಿ, ಏರಿನ ನೆತ್ತಿಯಿಂದ ಬಿಳಿಯ ಪುಡಿ ಚಿವುಟಿ, ಏನು ಎತ್ತ ಎನ್ನದೆ ಫಾತಿಮತಕ್ಕನ ನಾಲಗೆಗೆ ಒತ್ತಿದಳು. ಉಪ್ಪು! ಆಮೇಲೆ ಏರನ್ನೆಲ್ಲ ಕಾಲಿನಿಂದ ಒದ್ದು ಬೀಳಿಸಿ, ಗುಂಡಿ ತೋಡಿಸಿ, "ಮಾಯ್, ಮಾಯ್" ಎಂದು ಪೈಪು ತೋರಿಸಿದಳು. ನೀರು, ನೀರು. ನಮ್ಮೂರಿನ ಮಳೆಗೆ ಬೇರು ಕೊಳೆಯದಿರಲು ಏರು ಬೇಕು. ಇಲ್ಲಿ ಮಣ್ಣಿನಲ್ಲೇ ಉಪ್ಪಿದೆ. ಏರು ಮಾಡಿದರೆ ನೀರು ಆರುತ್ತ ಉಪ್ಪೆಲ್ಲ ಮೇಲೆ ಬಂದು ಕೂರುತ್ತದೆ, ಬೂದಿ ಬಿದ್ದರಂತೂ ಮಣ್ಣು ಇನ್ನೂ ಕೆಡುತ್ತದೆ. ಗುಂಡಿಯಲ್ಲಿ ನೀರು ನಿಲ್ಲಿಸಿದರೆ ಉಪ್ಪು ಕೆಳಗಿಳಿಯುತ್ತದೆ. ಅಷ್ಟೇ ವಿದ್ಯೆ.

ಗೋಡೆಯಾಚೆ ಒಂದು ಮಾತು ಹೇಳಿದರೆ ಸಾಕಿತ್ತು. ಹೇಳಬೇಕೆಂದು ಬಾಯಿ ತೆರೆದಿದ್ದರಂತೆ. ಅಷ್ಟರಲ್ಲಿ ರತ್ನಪ್ರಭಾ, "ತೋಟ ಅಂದ್ರೆ ಹಿಂಗಿರಬೇಕು ನೋಡಿ, ಎಷ್ಟು ಲಕ್ಷಣವಾಗಿದೆ," ಎಂದರು.

ಫಾತಿಮತಕ್ಕ ಬಾಯಿ ಮುಚ್ಚಿದರು.

ಶುಕ್ರವಾರ ಗಂಡಸರು ಜುಮಾ ನಮಾಜಿಗೆ ಹೋದಾಗ ಹೆಂಗಸರ ಚಹಾ ಮೊದಲು ಫಾತಿಮತಕ್ಕನ ಮನೆಯಲ್ಲಿ. ಸೆಪ್ಟೆಂಬರ್ ಮುಗಿಯುವುದರೊಳಗೆ ಅದು ಶಮೀಮಾಳ ಹಿತ್ತಲಿಗೆ ಬಂತು. ಏರಿನ ಪಕ್ಕ ಚಾಪೆ ಹಾಸಿ ಕೂರುತ್ತಿದ್ದೆವು. ಫಾತಿಮತಕ್ಕನನ್ನೂ ಕರೆಯುತ್ತಿದ್ದೆವು. ಬರುತ್ತಿದ್ದರು, ಚಾಪೆಯ ತುದಿಯಲ್ಲಿ ಕೂರುತ್ತಿದ್ದರು, ಚಹಾ ಕುಡಿಯುತ್ತಿದ್ದರು. ಕಣ್ಣು ಮಾತ್ರ ಬಸಳೆಯ ಮೇಲೆ. ದಂಟು ಚಿಗುರಿತ್ತು. ನಾಲ್ಕು ಎಲೆ, ಆರು ಎಲೆ. ತಮ್ಮದು ಇನ್ನೂ ಮೂರೇ ಎಲೆ. ಒಂದು ವೇಳೆ ಇವಳದ್ದು ಬದುಕಿಬಿಟ್ಟರೆ? ಉಮ್ಮ್ ಸಾಲಿಹ್ ಹೇಳಿದ್ದು ಸುಳ್ಳಾದರೆ? ಹನ್ನೊಂದು ವರ್ಷ ಆ ಹೊಗೆಯನ್ನು ಬಿಟ್ಟು ಬಾಳಿದ್ದು ಸುಮ್ಮಸುಮ್ಮನೆ ಅಂತಾದರೆ?

ಮನೆಯಲ್ಲಿದ್ದರೆ ದಿನಕ್ಕೆ ಹತ್ತು ಸಲ ಗೋಡೆಯ ಹತ್ತಿರ.

"ಗೋಡೆ ಸವೆದೀತು ಮಾರಾಯ್ತಿ," ಕಾಸಿಂ ಹೇಳಿದರು. "ಕಂಪನಿಯವರು ನಮ್ಮ ತಲೆಗೆ ಕಟ್ಟುತ್ತಾರೆ."

"ಬೆಕ್ಕು ಬಂದಿತ್ತು. ಓಡಿಸಲಿಕ್ಕೆ ಹೋದದ್ದು."

"ಆ ಬೆಕ್ಕು ಎಷ್ಟು ಎಲೆ ಬಿಟ್ಟಿದೆ ಈಗ?"

ಫಾತಿಮತಕ್ಕ ಆ ಹೊತ್ತು ಅವರಿಗೆ ಅನ್ನ ಬಡಿಸಿದರು, ಸಾರು ಬಡಿಸಲಿಲ್ಲ.

ಅಕ್ಟೋಬರ್ ನಡುವಿನಲ್ಲಿ ಎಲೆಯ ಅಂಚು ಹಳದಿಯಾಯಿತು. ಏರಿನ ನೆತ್ತಿಯಲ್ಲಿ ಬಿಳಿಯ ಗೆರೆ ಮೂಡಿತು. ಫಾತಿಮತಕ್ಕನಿಗೆ ಮೊದಲು ಬಂದದ್ದು ಸಮಾಧಾನ. ಅದನ್ನು ನನಗೆ ಹೇಳುವಾಗ ಅವರು ತಲೆ ತಗ್ಗಿಸಿದ್ದರು.

ಶಮೀಮಾ ಗೋಡೆಗೆ ಬಂದಳು. ಕೈಯಲ್ಲಿ ಒಂದು ಸುಟ್ಟ ಎಲೆ. "ಫಾತಿಮತಕ್ಕ, ಇದಕ್ಕೆ ಎಂತ ಆಗಿದೆ? ನಿಮಗೆ ಗೊತ್ತಿರಬೇಕು."

ಗೊತ್ತಿತ್ತು. ನಾಲಗೆಯ ಮೇಲೆ ಆ ಹಳೆಯ ಉಪ್ಪು ಈಗಷ್ಟೇ ಇಟ್ಟ ಹಾಗಿತ್ತು.

"ಸುಡುಮಣ್ಣು ಸಾಕಾಗಲಿಲ್ಲವೋ ಏನೋ," ಎಂದರು. "ಇನ್ನೊಂದು ಬುಟ್ಟಿ ಹಾಕಿ ನೋಡು."

"ಹೌದಲ್ವಾ? ನನಗೂ ಹಾಗೇ ಅನಿಸಿತು."

ಅಂದು ಸಂಜೆ ಮತ್ತೆ ಹೊಗೆ ಬಂತು. ಈ ಸಲ ಫಾತಿಮತಕ್ಕ ಹಿಂಬಾಗಿಲು ಹಾಕಿ, ಅದರ ಸಂದಿಗೆ ಹಳೆಯ ಬಟ್ಟೆ ತುರುಕಿದರು. ಹೊಗೆ ಒಳಗೆ ಬಂದೇ ಬಂತು.

ನವೆಂಬರ್ ಹೊತ್ತಿಗೆ ಶಮೀಮಾಳ ಏರಿನಲ್ಲಿ ಕಡ್ಡಿಗಳಷ್ಟೇ ಉಳಿದಿದ್ದವು. ಚಾಪೆ ಅಲ್ಲಿಂದ ಎದ್ದಿತು. ಚಹಾ ಫಾತಿಮತಕ್ಕನ ಮನೆಗೆ ಮರಳಿತು. ಗುಂಡಿಗಳಿಂದ ಬಸಳೆ ಎದ್ದು ತಟ್ಟಿ ಹತ್ತಿತ್ತು, ಎಲೆ ದಪ್ಪ, ದಂಟು ಕೆಂಪು. ಹನ್ನೆರಡು ಪಾಲು ಮಾಡಿದರು. ರತ್ನಪ್ರಭಾ, "ಎಷ್ಟಾದ್ರೂ ನಿಮ್ಮ ಕೈಗುಣ ಬೇರೆ ಬಿಡಿ," ಎಂದರು. ಬಯಸಿದ್ದೆಲ್ಲ ಬಂದಿತ್ತು. ಆದರೂ ಆ ಮಾತು ಅವರ ಕಿವಿಯಲ್ಲಿ ನಿಲ್ಲಲಿಲ್ಲ.

ಶಮೀಮಾಳ ಪಾಲನ್ನು ಬರೀ ಸೊಪ್ಪಾಗಿ ಕಳಿಸುವುದಕ್ಕೆ ಕೈ ಬರಲಿಲ್ಲ. ಬಸಳೆ ಪದಾರ್ಥ ಮಾಡಿ, ಅಕ್ಕಿಯ ಪುಂಡಿ ಉಂಡೆ ಹಾಕಿ, ಮುಚ್ಚಳದ ಸ್ಟೀಲ್ ಪಾತ್ರೆಯಲ್ಲಿ ಗೋಡೆಯ ಮೇಲಿಂದ ಕೊಟ್ಟರು.

ಮಾರನೆಯ ದಿನ ಶಮೀಮಾ ಪಾತ್ರೆ ತಂದಳು. ತೊಳೆದು ಹೊಳೆಯುತ್ತಿತ್ತು. ಅಲ್ಲಾಡಿಸಿದರೆ ಒಳಗೇನೋ ಸದ್ದು.

"ಕೊಟ್ಟ ಪಾತ್ರೆ ಖಾಲಿ ಹಿಂತಿರುಗಿಸಬಾರದಲ್ಲ," ಎಂದಳು. "ಹಿತ್ತಲಲ್ಲಿ ಬೆಳೆದದ್ದು ಏನಾದರೂ ಹಾಕಿ ಕೊಡುವ ಎಂದಿದ್ದೆ. ಎಂತ ಮಾಡುವುದು, ಏನೂ ಇಲ್ಲ. ಇದು ಅಮ್ಮಿ ಕಟ್ಟಿಕೊಟ್ಟ ಹರಿವೆ ಬೀಜ. ನನ್ನ ಕೈಯಲ್ಲಿ ಆಗುವುದಿಲ್ಲ. ನೀವಾದರೂ ಹಾಕಿ."

ಪಾತ್ರೆಯ ತಳದಲ್ಲಿ ಕರವಸ್ತ್ರದ ಗಂಟು. ಸಾಸಿವೆಗಿಂತ ಸಣ್ಣ ಕಪ್ಪು ಬೀಜ.

ಫಾತಿಮತಕ್ಕ ಪಾತ್ರೆಯನ್ನು ಮೆಟ್ಟಿಲ ಮೇಲಿಟ್ಟರು. ಗುದ್ದಲಿ ತೆಗೆದುಕೊಂಡು ಮುಂಬಾಗಿಲಿನಿಂದ ಸುತ್ತಿ, ಶಮೀಮಾಳ ಹಿತ್ತಲಿಗೆ ಹೋದರು. ಹುಡುಗಿ ಹಿಂದೆಯೇ ಓಡಿ ಬಂದಳು. ಏರಿನ ನೆತ್ತಿಯಿಂದ ಬಿಳಿಯ ಪುಡಿ ಚಿವುಟಿ ಅವಳ ಅಂಗೈಗೆ ಹಾಕಿದರು.

"ನೆಕ್ಕಿ ನೋಡು."

ಶಮೀಮಾ ನಾಲಗೆ ತಾಗಿಸಿ ಮುಖ ಹಿಂಡಿದಳು. "ಉಪ್ಪು!"

"ಏರು ಮಾಡಿದರೆ ಹೀಗೇ. ಬೂದಿ ಹಾಕಿದರೆ ಇನ್ನೂ ಹೆಚ್ಚು. ಹೊಂಡ ಮಾಡಬೇಕು, ನೀರು ನಿಲ್ಲಿಸಬೇಕು. ಮೂರು ಸಲ." ಹೇಳುತ್ತ ಹೇಳುತ್ತ ಮೊದಲ ಏರನ್ನು ಕೆಡವಿದ್ದರು.

ಶಮೀಮಾ ಅಂಗೈ ನೋಡುತ್ತ ನಿಂತಿದ್ದಳು. "ನಿಮಗೆ ಇದು ಯಾವಾಗ ಗೊತ್ತಾದದ್ದು?"

ಗುದ್ದಲಿ ನಿಂತಿತು. ನಿನ್ನೆ ಎನ್ನಬಹುದಿತ್ತು. "ನೀನು ಬರುವ ಮೊದಲೇ ಗೊತ್ತಿತ್ತು."

"ಮತ್ತೆ ಇನ್ನೊಂದು ಬುಟ್ಟಿ ಹಾಕು ಅಂದದ್ದು?"

ಫಾತಿಮತಕ್ಕ ಗುದ್ದಲಿಗೆ ಅಂಟಿದ ಮಣ್ಣನ್ನು ಕಾಲಿನಿಂದ ಕೆರೆದರು. ಶಮೀಮಾ ಅಂಗೈಯನ್ನು ಬಟ್ಟೆಗೆ ಒರೆಸಿಕೊಂಡು ಒಳಗೆ ಹೋದಳು. ಬಾಗಿಲಿನ ಚಿಲಕ ಬಿದ್ದ ಸದ್ದು ಕೇಳಿತು. ಉಳಿದೆರಡು ಏರನ್ನೂ ಕೆಡವಿ, ಗುಂಡಿ ತೋಡಿ, ಕತ್ತಲಾಗುವ ಮೊದಲು ಫಾತಿಮತಕ್ಕ ಮನೆಗೆ ಬಂದರು.

ಆ ಚಳಿಗಾಲ ಪೂರ್ತಿ ಗೋಡೆಯ ಮೇಲೆ ಮಾತಿರಲಿಲ್ಲ. ಶಮೀಮಾ ಸಾಲಿನಲ್ಲಿ ಯಾರಿಗೂ ಏನೂ ಹೇಳಲಿಲ್ಲ. ಹೇಳಿದ್ದರೆ ತನಗೆ ಸುಲಭವಾಗುತ್ತಿತ್ತು ಎಂದು ಫಾತಿಮತಕ್ಕನಿಗೆ ಅನ್ನಿಸಿತ್ತು. ಹರಿವೆ ಬೀಜ ಬಿತ್ತಿದರು. ಚೆನ್ನಾಗಿ ಬಂತು. ಅದೇ ಸ್ಟೀಲ್ ಪಾತ್ರೆ ತುಂಬ ಕೊಯ್ದು ಒಂದು ಸಂಜೆ ಗೋಡೆಯ ಮೇಲಿಟ್ಟರು. ಬೆಳಗ್ಗೆ ಪಾತ್ರೆ ಅಲ್ಲಿರಲಿಲ್ಲ. ತಿರುಗಿಯೂ ಬರಲಿಲ್ಲ.

ಮುಂದಿನ ಸೆಪ್ಟೆಂಬರಿನಲ್ಲಿ ಒಂದು ಬೆಳಗ್ಗೆ ನಲ್ಲಿಯ ಕೆಳಗೆ ಕೈ ಹಿಡಿದಿದ್ದಾಗ ಗೋಡೆಯಾಚೆ ಪೈಪಿನ ಸದ್ದು ಕೇಳಿಸಿತು. ನೀರು ಗುಂಡಿಗೆ ಬೀಳುವ ಸದ್ದು. ವಾರ ಬಿಟ್ಟು ಮತ್ತೆ. ಮತ್ತೊಂದು ವಾರ ಬಿಟ್ಟು ಮತ್ತೆ. ಫಾತಿಮತಕ್ಕ ಎಣಿಸಿದರು. ಮೂರು.

ಎಲ್ಲಿಂದ ತಂದಳೋ ದಂಟು, ಅವರನ್ನು ಕೇಳಿರಲಿಲ್ಲ. ನವೆಂಬರಿನಲ್ಲಿ ಅದು ಗೋಡೆಯ ಮೇಲೆ ತಲೆ ಹಾಕಿತು. ಅಂಗೈ ಅಗಲದ ಎಲೆ. ಫಾತಿಮತಕ್ಕ ಯಾರೂ ಇಲ್ಲದಾಗ ತಮ್ಮ ಕೈ ಅದರ ಮೇಲಿಟ್ಟು ಅಳತೆ ನೋಡಿದರು. ಬೆರಳು ಮಾತ್ರ ಹೊರಗುಳಿಯಿತು.

ಆ ಶುಕ್ರವಾರ ಶಮೀಮಾ ಬಂದಳು. ಒಳಗೆ ಕಾಲಿಡಲಿಲ್ಲ. ಅದೇ ಸ್ಟೀಲ್ ಪಾತ್ರೆ, ಬಿಸಿ ಇತ್ತು. "ಪಾತ್ರೆ ನನ್ನಲ್ಲೇ ಉಳಿದಿತ್ತು," ಎಂದಷ್ಟೇ ಹೇಳಿ ಹೋದಳು.

ಕಾಸಿಂ ಎರಡು ಸಲ ಹಾಕಿಸಿಕೊಂಡರು. "ಬಸಳೆ ಎಂದರೆ ಇದು. ನಿನ್ನದು ಸ್ವಲ್ಪ ನಾರು."

"ಹಾಗಾದರೆ ನಾಳೆಯಿಂದ ಅಲ್ಲಿಗೇ ಊಟಕ್ಕೆ ಹೋಗಿ."

ನಾನು ಅವರ ಮನೆಗೆ ಹೋದದ್ದು ಅದೇ ಮಧ್ಯಾಹ್ನ. ತೊಳೆದ ಪಾತ್ರೆಯನ್ನು ಮಗ್ಗುಲಲ್ಲಿಟ್ಟುಕೊಂಡು ಫಾತಿಮತಕ್ಕ ಗುಂಡಿಯ ಅಂಚಿನಲ್ಲಿ ಕೂತಿದ್ದರು. ಎಲೆ ಬಿಡಿಸುತ್ತ ಇಷ್ಟನ್ನೂ ಹೇಳಿದರು. ಒಂದೊಂದು ಎಲೆಯನ್ನೂ ತಿರುಗಿಸಿ ನೋಡುತ್ತಿದ್ದರು. ಸಣ್ಣದನ್ನು ಪಕ್ಕಕ್ಕೆ ಹಾಕಿದರು, ತೂತಿದ್ದುದನ್ನು ಪಕ್ಕಕ್ಕೆ ಹಾಕಿದರು. ಅಗಲವಾದದ್ದು ಮಾತ್ರ ಪಾತ್ರೆಗೆ.

"ಈಗ ಹೊಟ್ಟೆಕಿಚ್ಚು ಹೋಯಿತಾ ಅಕ್ಕ?" ಎಂದು ಕೇಳಿದೆ.

"ಎಲ್ಲಿಗೆ ಹೋಗುವುದು ಮಾರಾಯ್ತಿ," ಎಂದು ಗೋಡೆಯ ಕಡೆ ನೋಡಿದರು. "ಅವಳು ಗೊಬ್ಬರಕ್ಕೆ ಎಂತ ಹಾಕಿದ್ದಾಳೆ, ನೀನೊಮ್ಮೆ ಕೇಳ್ತೀಯಾ?" ಮತ್ತೆ ತಾವೇ ತಲೆಯಾಡಿಸಿ, "ಬೇಡ, ನಾನೇ ಕೇಳ್ತೇನೆ," ಎಂದು ಪಾತ್ರೆ ಎತ್ತಿಕೊಂಡು ಎದ್ದರು.